ಮೀನುಗಳನ್ನು ಅರಿತ ವೈದ್ಯ ಫ್ರಾನ್ಸಿಸ್ ಡೇ

ಜೀವವಿರುವ ಯಾವುದನ್ನೇ ಆಗಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಸುಲಭದ ಕೆಲಸವಲ್ಲ. ರಾಗಿಯ ಮೂಟೆಯನ್ನು ಗಾಡಿಗೆ ಹೇರಿದರೆ ಹೋದಲ್ಲಿಯೂ ಅದು ರಾಗಿಯೇ. ಆದರೆ ಒಂದು ಸಸಿಯನ್ನು ಕಿತ್ತು ನೆಡುವಾಗ ಬೇರಿನ ಮಣ್ಣನ್ನೂ ಜೊತೆಗೆ ತರಬೇಕು, ಬಿಸಿಲು ಇಳಿದ ಮೇಲೆ ನೆಡಬೇಕು, ಕೆಲವು ದಿನ ನೆರಳು ಮಾಡಬೇಕು. ಇದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೀನಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಏಕೆಂದರೆ ಸಸಿಗೆ ಮಣ್ಣು ಹೇಗೋ ಮೀನಿಗೆ ನೀರು ಹಾಗೆ. ಅಷ್ಟೇ ಅಲ್ಲ, ಮೀನಿಗೆ ಉಸಿರೂ ನೀರೇ.

ಈಚಿನ ವರ್ಷಗಳಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಬೆಳೆದಿದೆ. ಮಕ್ಕಳು ಆಸೆಪಟ್ಟು ಮೊದಲು ಒಂದು ಚಿಕ್ಕ ಬೋಗುಣಿಯನ್ನು ತರುತ್ತಾರೆ. ಮೀನುಗಳು ಬೆಳೆಯುತ್ತವೆ, ಜಾಗ ಸಾಲುವುದಿಲ್ಲ. ತಂದೆ ದೊಡ್ಡ ತೊಟ್ಟಿಯನ್ನು ಕೊಡಿಸುತ್ತಾರೆ. ಹೊಸ ತೊಟ್ಟಿಯನ್ನು ಥಳಥಳನೆ ತೊಳೆದು, ನಲ್ಲಿಯ ನೀರು ತುಂಬಿ, ಮೀನುಗಳನ್ನು ಒಮ್ಮೆಲೇ ಅದಕ್ಕೆ ಸುರಿದುಬಿಡುತ್ತಾರೆ. ಕೆಲವೇ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲುತ್ತವೆ. ಮನೆಯವರು ಅಂಗಡಿಯವನನ್ನು ಬೈಯುತ್ತಾರೆ, ಮಗು ಅಳುತ್ತದೆ. ಮೇಲು ಮಾಡಹೋದದ್ದು ಕೇಡಾಯಿತೇಕೆ ಎಂದು ಯೋಚಿಸುವವರು ಕಡಿಮೆ.

ಈ ಪ್ರಶ್ನೆಯನ್ನೇ ಬಹು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಬ್ಬ ಮಹನೀಯರ ಜೀವನವನ್ನು ಈ ವರ್ಷದ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳ ಮುಂದಿಡಬಯಸುತ್ತೇವೆ. ಅವರೇ ಡಾಕ್ಟರ್ ಫ್ರಾನ್ಸಿಸ್ ಡೇ. ಚರಿತ್ರೆಯ ಪಾಠದಲ್ಲಿ 1639ರಲ್ಲಿ ಮದರಾಸಿನ ಕೋಟೆಗೆ ಜಾಗ ಪಡೆದ ಫ್ರಾನ್ಸಿಸ್ ಡೇ ಎಂಬ ಹೆಸರನ್ನು ಓದಿದ್ದೇವೆ. ಅವರು ಬೇರೆ, ಇವರು ಬೇರೆ. ಇವರು ಅವರಿಗಿಂತ ಸುಮಾರು ಇನ್ನೂರು ವರ್ಷಗಳ ನಂತರ ಬಾಳಿದವರು.

ಬಾಲ್ಯ ಮತ್ತು ವೃತ್ತಿ

ಫ್ರಾನ್ಸಿಸ್ ಡೇ ಅವರು 1829ನೇ ಇಸವಿಯ ಮಾರ್ಚ್ 2ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮೇರ್ಸ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ಅವರದು ಹೊಲಗದ್ದೆಗಳಿದ್ದ ಅನುಕೂಲಸ್ಥ ಮನೆತನ. ಶ್ರೂಸ್‌ಬರಿಯ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರವನ್ನು ಕಲಿತರು. 1852ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯಕ್ಕೆ ಸಹಾಯಕ ಶಸ್ತ್ರವೈದ್ಯರಾಗಿ ಸೇರಿಕೊಂಡರು. ಆಗ ಅವರಿಗೆ ಇಪ್ಪತ್ಮೂರು ವರ್ಷ.

ಆ ಕಾಲದಲ್ಲಿ ಸೈನ್ಯದ ವೈದ್ಯರಿಗೆ ಕಾಯಿಲೆ ನೋಡುವುದಲ್ಲದೆ ಸುತ್ತಲ ಪ್ರಾಣಿ, ಪಕ್ಷಿ, ಗಿಡಮರಗಳನ್ನು ಗಮನಿಸಿ ಬರೆದಿಡುವ ರೂಢಿ ಇತ್ತು. ಥಾಮಸ್ ಜೆರ್ಡನ್ ಎಂಬ ಇನ್ನೊಬ್ಬ ಮದರಾಸು ಸೈನ್ಯದ ವೈದ್ಯರು 1849ರಷ್ಟು ಹಿಂದೆಯೇ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳ ಬಗ್ಗೆ ಬರೆದಿದ್ದರು. ದೇಹದ ರಚನೆಯನ್ನು ಕೊಯ್ದು ಕಲಿತವರಿಗೆ ಮೀನಿನ ಒಳಗೇನಿದೆಯೆಂದು ನೋಡುವುದು ಕಷ್ಟವೇನಲ್ಲ. ಡೇ ಅವರೂ ಈ ದಾರಿಯನ್ನೇ ಹಿಡಿದರು.

ಕೆಲವು ವರ್ಷಗಳ ನಂತರ ಅವರು ಕೊಚ್ಚಿಯಲ್ಲಿ ಸರ್ಕಾರಿ ವೈದ್ಯರಾದರು. ಕೊಚ್ಚಿ ಎಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ಹಿಂದೆ ಸಹ್ಯಾದ್ರಿಯಿಂದ ಇಳಿದು ಬರುವ ಹೊಳೆಗಳು. ಮೀನು ನೋಡಬೇಕೆನ್ನುವವನಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿರಲಾರದು. ಡೇ ಅವರು ಕೊಚ್ಚಿಯ ಚರಿತ್ರೆ ಮತ್ತು ಜನಜೀವನದ ಬಗ್ಗೆ 1863ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. 1865ರಲ್ಲಿ ಮಲಬಾರಿನ ಮೀನುಗಳ ಮೇಲೆ ಚಿತ್ರಗಳಿರುವ ಇನ್ನೊಂದು ಗ್ರಂಥ ಹೊರಬಂದಿತು.

ಆ 1865ರಲ್ಲಿಯೇ ಅವರು ತಿರುವಾಂಕೂರಿನ ಬೆಟ್ಟಸಾಲಿನ ಮುಂಡಕಾಯಂ ಬಳಿಯ ಒಂದು ಮೀನನ್ನು ವಿಜ್ಞಾನಲೋಕಕ್ಕೆ ಮೊದಲ ಬಾರಿಗೆ ಪರಿಚಯಿಸಿದರು. ಬೆಳ್ಳಿಯ ಮೈ, ಮೂತಿಯಿಂದ ಹೊರಟ ಕೆಂಪು ಗೆರೆ, ಅದರಡಿಯಲ್ಲಿ ಬಾಲದವರೆಗೆ ಎಳೆದ ಕಪ್ಪು ಪಟ್ಟಿ. ಆಗ ಮದರಾಸಿನ ಗವರ್ನರಾಗಿದ್ದ ಸರ್ ವಿಲಿಯಂ ಡೆನಿಸನ್ ಅವರ ಹೆಸರನ್ನೇ ಆ ಮೀನಿಗೆ ಇಟ್ಟರು. ಇಂದು ಅಂಗಡಿಗಳಲ್ಲಿ ಮಿಸ್ ಕೇರಳ ಎಂದು ಮಾರುವ ಅಲಂಕಾರದ ಮೀನು ಇದೇ. ಜಗತ್ತಿನ ಎಷ್ಟೋ ದೇಶಗಳ ಗಾಜಿನ ತೊಟ್ಟಿಗಳಲ್ಲಿ ಈ ಮೀನು ಈಜುತ್ತಿದೆ. ಈ ಮೀನಿನ ಕಥೆಗೆ ನಾವು ಮತ್ತೆ ಬರುತ್ತೇವೆ.

ನೀಲಗಿರಿಗೆ ಮೀನು ತರುವ ಸಾಹಸ

ನೀಲಗಿರಿಯ ಮೇಲೆ ತಂಪಾದ ಹೊಳೆಗಳು ಬೇಕಾದಷ್ಟು ಇದ್ದವು. ಆದರೆ ಎತ್ತರದ ಆ ನೀರಿನಲ್ಲಿ ಹಿಡಿದು ತಿನ್ನುವಂಥ ದೊಡ್ಡ ಮೀನುಗಳು ಇರಲಿಲ್ಲ. ಇಂಗ್ಲೆಂಡಿನ ತಣ್ಣೀರಿನ ಟ್ರೌಟ್ ಮೀನನ್ನು ಅಲ್ಲಿಗೆ ತಂದು ಬಿಡಬೇಕೆಂಬ ಆಸೆ ಅಲ್ಲಿದ್ದ ಆಂಗ್ಲರಿಗೆ ಹುಟ್ಟಿತು. 1863ರಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರು ಫ್ರಾನ್ಸಿಸ್ ಡೇ.

ವಿದ್ಯಾರ್ಥಿಗಳು ಭೂಪಟವನ್ನು ತೆಗೆದು ನೋಡಬೇಕು. ಸೂಯೆಜ್ ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬೇಗ ಬರಬೇಕೆನ್ನುವವರು ಇಂಗ್ಲೆಂಡಿನಿಂದ ಹಡಗಿನಲ್ಲಿ ಈಜಿಪ್ಟಿಗೆ ಬಂದು, ಅಲ್ಲಿ ಇಳಿದು ರೈಲಿನಲ್ಲಿ ಮರಳುಗಾಡನ್ನು ದಾಟಿ, ಸೂಯೆಜಿನಲ್ಲಿ ಇನ್ನೊಂದು ಹಡಗನ್ನು ಹತ್ತಬೇಕಾಗಿತ್ತು. ಆಮೇಲೆ ಕೆಂಪು ಸಮುದ್ರ. ಅದರ ಸೆಕೆಗೆ ಮನುಷ್ಯರೇ ಬಾಡುತ್ತಿದ್ದರು. ಇನ್ನು ತಣ್ಣೀರಿನ ಮೀನಿನ ಮೊಟ್ಟೆಗಳ ಪಾಡು ಏನು? ಮದರಾಸು ಮುಟ್ಟಿದ ಮೇಲೂ ಬಯಲುಸೀಮೆಯ ಬಿಸಿಲಲ್ಲಿ ನೂರಾರು ಮೈಲಿ ಸಾಗಿ, ಕೊನೆಗೆ ಬೆಟ್ಟವನ್ನು ಹತ್ತಬೇಕು.

ಡೇ ಅವರ ಪ್ರಯತ್ನ ಕೈಗೂಡಲಿಲ್ಲ. ಮೊಟ್ಟೆಗಳು ಕೆಟ್ಟುಹೋದವು. ಅವರು ಬಿಡದೆ ಕೆಲವು ವರ್ಷಗಳ ನಂತರ ಮತ್ತೆ ಯತ್ನಿಸಿದರು. ಆಗಲೂ ಟ್ರೌಟ್ ನೀಲಗಿರಿಯಲ್ಲಿ ನೆಲೆಗೊಳ್ಳಲಿಲ್ಲ.

ಕಾರಣವನ್ನು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನೀರು 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿದ್ದರೆ ಒಂದು ಲೀಟರಿನಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. ಅದೇ ನೀರು 30 ಡಿಗ್ರಿಗೆ ಏರಿದರೆ ಏಳೂವರೆ ಮಿಲಿಗ್ರಾಮಿಗೆ ಇಳಿಯುತ್ತದೆ. ನೀರು ಬಿಸಿಯಾದಂತೆ ಜೀವಿಯ ದೇಹದ ಕೆಲಸ ಚುರುಕಾಗಿ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಆದರೆ ನೀರಿನಲ್ಲಿ ಅದರ ದಾಸ್ತಾನು ಕಡಿಮೆಯಾಗುತ್ತದೆ. ಬರಗಾಲದಲ್ಲಿ ಮನೆಗೆ ನೆಂಟರು ಹೆಚ್ಚಿದಂತೆ ಇದು.

ಇದೇ ಸಮಯದಲ್ಲಿ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಇಂಥದೇ ಕೆಲಸ ಗೆದ್ದಿತು. 1864ರಲ್ಲಿ ಜೇಮ್ಸ್ ಯೂಲ್ ಎಂಬವರು ಟ್ರೌಟ್ ಮತ್ತು ಸಾಲ್ಮನ್ ಮೊಟ್ಟೆಗಳನ್ನು ಹಸಿ ಪಾಚಿಯ ನಡುವೆ ಪೆಟ್ಟಿಗೆಗಳಲ್ಲಿಟ್ಟು, ಹಡಗಿನಲ್ಲಿ ಮಂಜುಗಡ್ಡೆಯ ರಾಶಿಯಡಿ ಇರಿಸಿ, ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಟಾಸ್ಮೇನಿಯಕ್ಕೆ ಕಳುಹಿಸಿದರು. ಮೂರು ತಿಂಗಳ ಪ್ರಯಾಣ. ಆದರೂ ಎಷ್ಟೋ ಮೊಟ್ಟೆಗಳು ಬದುಕಿ ಮರಿಯಾದವು. ತಂಪನ್ನು ದಾರಿಯುದ್ದಕ್ಕೂ ಕಾದುಕೊಂಡದ್ದೇ ಅಲ್ಲಿಯ ಗುಟ್ಟು.

ನಮ್ಮ ದೇಶದಲ್ಲಿ ಈ ಕೆಲಸ ನೆರವೇರಲು ಬಹಳ ವರ್ಷಗಳು ಹಿಡಿದವು. ಕಾಶ್ಮೀರಕ್ಕೆ 1899ರಲ್ಲಿ ಬಂದ ಮೊಟ್ಟೆಗಳು ಹಾಳಾದವು, 1900ರಲ್ಲಿ ಬಂದವು ಉಳಿದವು. ನೀಲಗಿರಿಯಲ್ಲಿ ಎಚ್. ಸಿ. ವಿಲ್ಸನ್ ಎಂಬ ಅಧಿಕಾರಿಯ ಶ್ರಮದಿಂದ 1907ರ ಹೊತ್ತಿಗೆ ಅವಲಾಂಚಿಯಲ್ಲಿ ಮೊಟ್ಟೆ ಮರಿಮಾಡುವ ಕೇಂದ್ರವಾಗಿ, ಕಾಮನಬಿಲ್ಲಿನ ಟ್ರೌಟ್ ಅಲ್ಲಿ ನೆಲೆಸಿತು. ಆ ಹೊತ್ತಿಗೆ ಡೇ ಅವರು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಮೊದಲು ಬಿತ್ತಿದವನಿಗೆ ಬೆಳೆ ಸಿಗದಿದ್ದರೂ ಹಿಂದಿನಿಂದ ಬಂದವರು ಆ ಉಳುಮೆಯ ಫಲವನ್ನು ಉಣ್ಣುತ್ತಾರೆ.

ಗಾಳಿಯನ್ನು ಕುಡಿಯುವ ಮೀನುಗಳು

ತಣ್ಣೀರಿನ ಟ್ರೌಟ್ ಇಷ್ಟು ನಾಜೂಕಾದರೆ ನಮ್ಮ ಕೆರೆಗಳ ಕೊರವ ಮೀನು ಎಷ್ಟು ಗಟ್ಟಿ ಎಂಬುದನ್ನು ಎಲ್ಲರೂ ಬಲ್ಲರು. ಕೊರವವನ್ನು ತಂಬಿಗೆಯಷ್ಟು ನೀರಿರುವ ಮಡಕೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಸಂತೆಗೆ ನಡೆದರೂ ಅದು ಸಂಜೆಯವರೆಗೆ ಬದುಕಿರುತ್ತದೆ. ಇದೇಕೆ ಹೀಗೆ ಎಂಬ ಪ್ರಶ್ನೆ ಡೇ ಅವರ ಮನಸ್ಸನ್ನು ಹಿಡಿಯಿತು. ಈ ಬಗ್ಗೆ ಅವರು 1877ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ನೀರು ನೆಲ ಎರಡರಲ್ಲೂ ಬಾಳಬಲ್ಲ ಏಷ್ಯದ ಮೀನುಗಳ ಮೇಲೆ ಲೇಖನ ಬರೆದರು.

ಕೊರವ, ಚೇಳುಮೀನು, ಏರುಮೀನು ಮೊದಲಾದವುಗಳಿಗೆ ಕಿವಿರುಗಳ ಜೊತೆಗೆ ಗಾಳಿಯನ್ನೇ ಹೀರಿಕೊಳ್ಳುವ ಬೇರೆ ಅಂಗವಿದೆ. ಅವು ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ಗುಟುಕರಿಸುತ್ತವೆ. ಬೇಸಗೆಯಲ್ಲಿ ನಮ್ಮ ಕೆರೆಗಳ ನೀರು ಬೆಚ್ಚಗಾಗಿ ಕೆಸರಾದಾಗ ಉಸಿರಿಗೆ ಸಾಲದಾಗುತ್ತದೆ. ಅಂಥ ಕಾಲವನ್ನು ದಾಟಲು ಪ್ರಕೃತಿಯೇ ಈ ಮೀನುಗಳಿಗೆ ಕೊಟ್ಟ ವರ ಇದು. ಆದರೆ ವರವೆಂದರೆ ಅದಕ್ಕೆ ಕಟ್ಟುಪಾಡೂ ಇದೆ. ಏರುಮೀನಿನಂಥವನ್ನು ಮೇಲಕ್ಕೆ ಬಾರದಂತೆ ನೀರಿನೊಳಗೇ ಬಲೆಯಲ್ಲಿ ತಡೆದರೆ, ಸುತ್ತ ನೀರಿದ್ದರೂ ಅವು ಉಸಿರುಗಟ್ಟಿ ಸಾಯುತ್ತವೆ. ಎಲ್ಲ ಮೀನಿಗೂ ಒಂದೇ ಬಗೆಯ ಆರೈಕೆ ಸಲ್ಲದು. ಸಾಗಿಸುವ ಮುನ್ನ ಸಾಗಬೇಕಾದವನ ಸ್ವಭಾವವನ್ನು ತಿಳಿಯಬೇಕು.

ಊರೂರು ಸುತ್ತಿದ ಅಧಿಕಾರಿ

ಡೇ ಅವರ ಮೀನಿನ ಅರಿವನ್ನು ಕಂಡು ಸರ್ಕಾರ ಭಾರತದ ಮತ್ತು ಬರ್ಮಾದ ಮೀನುಗಾರಿಕೆಯ ಸ್ಥಿತಿಯನ್ನು ಪರಿಶೀಲಿಸುವ ಹೊಣೆಯನ್ನು ಅವರಿಗೆ ಒಪ್ಪಿಸಿತು. 1871ರಲ್ಲಿ ಅವರು ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದರು. ದೇಶದ ನದಿಗಳನ್ನು ತಾವೇ ನೋಡಿದರು. ನೋಡಲಾಗದ ಕಡೆ ಅಲ್ಲಿಯ ಅಧಿಕಾರಿಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿ ಉತ್ತರ ತರಿಸಿದರು. ಮೀನುಗಳು ಹೆಚ್ಚುತ್ತಿವೆಯೇ, ಕಡಿಮೆಯಾಗುತ್ತಿವೆಯೇ? ಬಲೆಯ ಕಣ್ಣು ಎಷ್ಟು ಚಿಕ್ಕದು? ಮರಿಗಳನ್ನು ಹಿಡಿಯುತ್ತಾರೆಯೇ? ನೀರಿಗೆ ವಿಷ ಬೆರೆಸುತ್ತಾರೆಯೇ? ಹೀಗೆ ಕೇಳಿದರು. 1873ರಲ್ಲಿ ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಮೇಲೆ ಅವರ ವರದಿ ಕಲ್ಕತ್ತೆಯಲ್ಲಿ ಅಚ್ಚಾಯಿತು.

ಆ ಕಾಲದಲ್ಲಿ ನಮ್ಮ ಹೊಸೂರು ಕೃಷ್ಣಗಿರಿ ಸೀಮೆ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರಲ್ಲಿ. ಅಂದಿಗೆ ಕೃಷ್ಣಗಿರಿಯ ಅಣೆಕಟ್ಟೂ ಇರಲಿಲ್ಲ, ಕೆಲವರಪಳ್ಳಿಯ ಅಣೆಕಟ್ಟೂ ಇರಲಿಲ್ಲ. ನಂದಿಬೆಟ್ಟದ ಕಡೆಯಿಂದ ಇಳಿದ ದಕ್ಷಿಣ ಪಿನಾಕಿನಿ ತಡೆಯಿಲ್ಲದೆ ನಮ್ಮ ಸೀಮೆಯ ಮೂಲಕ ಹರಿದು ಹೋಗುತ್ತಿತ್ತು. ಮಳೆಗಾಲದಲ್ಲಿ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಯ ಕೋಡಿಗೆ ಏರಿ ಬರುತ್ತಿದ್ದವು. ಮೀನು ತಾನಾಗಿ ಮಾಡುವ ಈ ವಲಸೆಯ ಮೇಲೆ ಡೇ ಅವರ ಗಮನ ಬಹಳ ಇತ್ತು. ನದಿಗಳಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳು ಮೀನುಗಳ ದಾರಿಯನ್ನು ಮುಚ್ಚುತ್ತವೆ, ಮೊಟ್ಟೆಯಿಡಲು ಮೇಲಕ್ಕೆ ಏರುವ ಮೀನು ಕಟ್ಟೆಯ ಬುಡದಲ್ಲಿ ಗುಂಪಾಗಿ ಸಿಕ್ಕಿಬೀಳುತ್ತದೆ, ಆದ್ದರಿಂದ ಕಟ್ಟೆಗಳಲ್ಲಿ ಮೀನಿಗಾಗಿ ದಾರಿ ಬಿಡಬೇಕು ಎಂಬುದು ಅವರ ವಾದವಾಗಿತ್ತು. ಕಾವೇರಿ ಕೊಳ್ಳಿಡಂ ನದಿಯನ್ನು ಏರಿ ಬರುತ್ತಿದ್ದ ಹಿಲ್ಸಾ ಮೀನಿಗೆ ಕಟ್ಟೆಗಳಿಂದ ಆಗುವ ತೊಂದರೆಯನ್ನು ಅವರು ಎತ್ತಿ ಹೇಳಿದ್ದರು. ಮುಂದೆ 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಕಾವೇರಿಯಲ್ಲಿ ಹಿಲ್ಸಾ ಬರುವುದು ಕ್ಷೀಣಿಸಿತು.

ಮರಿಗಳನ್ನು ಸೋಸುವ ಸಣ್ಣ ಕಣ್ಣಿನ ಬಲೆ ಸಲ್ಲದು, ನೀರಿಗೆ ವಿಷ ಹಾಕಕೂಡದು ಎಂಬ ಅವರ ಸಲಹೆಗಳನ್ನು ಆಗ ಎಲ್ಲರೂ ಒಪ್ಪಲಿಲ್ಲ. ಬಡವನ ಊಟಕ್ಕೆ ಅಡ್ಡಿಯಾಗುವುದೆಂದು ಎಷ್ಟೋ ಅಧಿಕಾರಿಗಳು ಹಿಂಜರಿದರು. ಆ ಹಿಂಜರಿಕೆಯಲ್ಲಿಯೂ ಅರ್ಥವಿಲ್ಲದೆ ಇರಲಿಲ್ಲ. ಕೊನೆಗೆ 1897ರಲ್ಲಿ ಭಾರತದ ಮೀನುಗಾರಿಕೆ ಕಾಯಿದೆ ಬಂದು, ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದು ಅಪರಾಧವಾಯಿತು.

ಮಹಾಗ್ರಂಥ

ಸುತ್ತಿದ್ದೆಲ್ಲವೂ ಫಲ ಕೊಟ್ಟಿತು. 1875ರಿಂದ 1878ರವರೆಗೆ ಡೇ ಅವರ ಭಾರತದ ಮೀನುಗಳು ಎಂಬ ಅರ್ಥದ ಹೆಸರಿನ ಮಹಾಗ್ರಂಥ ಭಾಗಭಾಗವಾಗಿ ಪ್ರಕಟವಾಯಿತು. 1888ರಲ್ಲಿ ಅದಕ್ಕೆ ಪುರವಣಿ ಬಂದಿತು. ನೂರಾರು ಪುಟಗಳ ವಿವರಣೆಯ ಜೊತೆಗೆ ಸುಮಾರು ಇನ್ನೂರು ಚಿತ್ರಪಟಗಳು. ಆಮೇಲೆ ಸರ್ಕಾರದ ಪ್ರಾಣಿಸಂಪತ್ತಿನ ಗ್ರಂಥಮಾಲೆಗೆ ಅವರು ಮೀನುಗಳ ಎರಡು ಸಂಪುಟಗಳನ್ನು ಬರೆದರು. 1889ರಲ್ಲಿ ಬಂದ ಈ ಸಂಪುಟಗಳಲ್ಲಿ ಸಾವಿರದ ನಾನೂರಕ್ಕೂ ಹೆಚ್ಚು ಜಾತಿಯ ಮೀನುಗಳ ವಿವರವಿದೆ.

ಕನ್ನಡಿಗರಾದ ನಮಗೆ ಸಂತೋಷ ತರುವ ಸಂಗತಿಯೊಂದಿದೆ. ಡೇ ಅವರು ಪ್ರತಿ ಮೀನಿನ ಲ್ಯಾಟಿನ್ ಹೆಸರನ್ನು ಕೊಟ್ಟು ಸುಮ್ಮನಾಗಲಿಲ್ಲ. ತಮಗೆ ಸಿಕ್ಕಷ್ಟು ಮಟ್ಟಿಗೆ ಆಯಾ ಊರಿನ ಜನ ಕರೆಯುವ ತಮಿಳು, ತೆಲುಗು, ಮಲಯಾಳ, ಕನ್ನಡ ಮುಂತಾದ ಹೆಸರುಗಳನ್ನೂ ಬರೆದಿಟ್ಟರು. ಶಾಲೆಯ ಮೆಟ್ಟಿಲು ಹತ್ತದ ಬೆಸ್ತರ ಬಾಯಿಯ ಮಾತುಗಳು ಹೀಗೆ ವಿದ್ವಾಂಸರ ಗ್ರಂಥವನ್ನು ಸೇರಿದವು. ದಕ್ಷಿಣ ಕನ್ನಡದ ಹೊಳೆಗಳ ಹಲವು ಮೀನುಗಳನ್ನು ಮೊದಲು ವರ್ಣಿಸಿದವರೂ ಡೇ ಅವರೇ. ಅಲ್ಲಿಯ ಕಲೆಕ್ಟರಾಗಿದ್ದು, ಗಾಳ ಹಾಕುವುದರಲ್ಲಿ ಹೆಸರು ಪಡೆದ ಹೆನ್ರಿ ಸಲಿವನ್ ಥಾಮಸ್ ಅವರ ಹೆಸರನ್ನು ಒಂದು ಮೀನಿಗೆ, ತಮಗಿಂತ ಮೊದಲು ಈ ದಾರಿಯಲ್ಲಿ ನಡೆದ ಜೆರ್ಡನ್ ಅವರ ಹೆಸರನ್ನು ಇನ್ನೊಂದಕ್ಕೆ ಇಟ್ಟು ಗೌರವಿಸಿದರು.

ಕೊನೆಯ ದಿನಗಳು

1877ರ ಹೊತ್ತಿಗೆ ಡೇ ಅವರು ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಎಂಬ ಊರಿನಲ್ಲಿ ನೆಲೆಸಿದರು. ವಿಶ್ರಾಂತಿ ಎಂಬುದು ಅವರ ಸ್ವಭಾವಕ್ಕೆ ಒಗ್ಗದು. ಬ್ರಿಟನ್ ಮತ್ತು ಐರ್ಲೆಂಡಿನ ಮೀನುಗಳ ಮೇಲೆ 1880ರಿಂದ 1884ರವರೆಗೆ ಇನ್ನೊಂದು ದೊಡ್ಡ ಗ್ರಂಥವನ್ನು ಬರೆದರು. ಸ್ಕಾಟ್ಲೆಂಡಿನ ಹೋವಿಟೌನ್ ಎಂಬಲ್ಲಿ ಸರ್ ಜೇಮ್ಸ್ ಮೇಟ್‌ಲ್ಯಾಂಡ್ ಅವರು ನಡೆಸುತ್ತಿದ್ದ ಮೀನು ಸಾಕಣೆಯ ಕೊಳಗಳಲ್ಲಿ ಟ್ರೌಟ್ ಮತ್ತು ಸಾಲ್ಮನ್‌ಗಳ ಬೆಳವಣಿಗೆಯನ್ನು ಅಭ್ಯಾಸ ಮಾಡಿ, 1887ರಲ್ಲಿ ಆ ಮೀನುಗಳ ಬಗ್ಗೆ ಪುಸ್ತಕ ಹೊರತಂದರು. ಇಪ್ಪತ್ತು ವರ್ಷಗಳ ಹಿಂದೆ ನೀಲಗಿರಿಯಲ್ಲಿ ಕೈತಪ್ಪಿದ ಟ್ರೌಟನ್ನು ಅವರು ಮರೆತಿರಲಿಲ್ಲ.

ವಿದ್ವಾಂಸರ ನಡುವೆ ಮನಸ್ತಾಪ ಬರುವುದುಂಟು. ಬ್ರಿಟಿಷ್ ಮ್ಯೂಸಿಯಮ್ಮಿನ ಮೀನು ತಜ್ಞ ಆಲ್ಬರ್ಟ್ ಗುಂಥರ್ ಅವರಿಗೂ ಡೇ ಅವರಿಗೂ ಸರಿಬರಲಿಲ್ಲ. ಡೇ ಅವರ ಸಂಗ್ರಹದ ಬಹು ಮುಖ್ಯ ಭಾಗವೊಂದು 1883ರಲ್ಲಿ ದೂರದ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿಗೆ ಮಾರಾಟವಾಯಿತು. ನಮ್ಮ ಹೊಳೆಗಳ ಮೀನುಗಳನ್ನು ಅಭ್ಯಾಸ ಮಾಡುವವರು ಇಂದಿಗೂ ಅಲ್ಲಿಯ ಜಾಡಿಗಳನ್ನು ನೋಡಬೇಕಾಗುತ್ತದೆ. 1889ರ ಜುಲೈ 10ರಂದು, ಅರವತ್ತನೆಯ ವಯಸ್ಸಿನಲ್ಲಿ, ಡೇ ಅವರು ಕ್ಯಾನ್ಸರ್ ರೋಗದಿಂದ ಚೆಲ್ಟನ್‌ಹ್ಯಾಮಿನಲ್ಲಿ ತೀರಿಕೊಂಡರು. ಭಾರತದ ಮೀನುಗಳ ಎರಡು ಸಂಪುಟಗಳು ಹೊರಬಂದದ್ದೂ ಅದೇ ವರ್ಷ.

ನಮ್ಮ ಮನೆಯ ತೊಟ್ಟಿಗೆ ಈ ಜೀವನದ ಪಾಠ

ಡೇ ಅವರು ಹಡಗಿನಲ್ಲಿ ಎದುರಿಸಿದ ಶತ್ರುಗಳೇ ನಮ್ಮ ಮನೆಯ ತೊಟ್ಟಿಯಲ್ಲೂ ಇವೆ: ಶಾಖದ ಏರಿಳಿತ, ಉಸಿರಿನ ಕೊರತೆ, ಕೆಟ್ಟ ನೀರು, ಅವಸರ. ಅವರ ಕಾಲದಲ್ಲಿ ತಿಳಿಯದ ಎಷ್ಟೋ ವಿಷಯಗಳು ಇಂದು ನಮಗೆ ತಿಳಿದಿವೆ. ಆದ್ದರಿಂದ ಮೀನುಗಳನ್ನು ಚಿಕ್ಕ ತೊಟ್ಟಿಯಿಂದ ದೊಡ್ಡ ತೊಟ್ಟಿಗೆ ಸಾಗಿಸುವ ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಮೊದಲು ಲೆಕ್ಕ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯಲ್ಲಿ 54 ಲೀಟರು ನೀರು ಹಿಡಿಯುತ್ತದೆ. 90 ಉದ್ದ, 45 ಅಗಲ, 45 ಎತ್ತರದ ತೊಟ್ಟಿಯಲ್ಲಿ 182 ಲೀಟರು. ಅಂದರೆ ಮೂರು ಪಟ್ಟಿಗೂ ಹೆಚ್ಚು. ಅದರ ನೀರೊಂದೇ 182 ಕಿಲೋ ತೂಗುತ್ತದೆ. ಗಾಜು, ಮರಳು ಬೇರೆ. ಆದ್ದರಿಂದ ಮೇಜು ಗಟ್ಟಿಯಾಗಿರಬೇಕು, ತೊಟ್ಟಿಯನ್ನು ಬಿಸಿಲು ಬೀಳದ ಜಾಗದಲ್ಲಿ ಮೊದಲೇ ಇಟ್ಟು ಆಮೇಲೆ ನೀರು ತುಂಬಬೇಕು. ನೀರಿರುವ ತೊಟ್ಟಿಯನ್ನು ಎಂದೂ ಎತ್ತಬಾರದು.

ಎರಡನೆಯದು ನೀರು. ನಲ್ಲಿಯ ನೀರಿಗೆ ಬೆರೆಸುವ ಕ್ಲೋರಿನ್ ನಮಗೆ ಹಿತ, ಮೀನಿನ ಕಿವಿರಿಗೆ ವಿಷ. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು, ಗಾಳಿಯಾಡಿಸಿ ಉಪಯೋಗಿಸಬೇಕು. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ಕಳೆಯುವ ದ್ರಾವಣವನ್ನೂ ಹಾಕಬಹುದು. ಕೊಳವೆಬಾವಿಯ ನೀರಾದರೂ ಗಾಳಿಯಾಡಿಸದೆ ಒಮ್ಮೆಲೇ ಹಾಕಬಾರದು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಮೂರನೆಯದು ಬಹು ಮುಖ್ಯವಾದುದು, ಬಹುಮಂದಿ ಅರಿಯದುದು. ಮೀನಿನ ಕಿವಿರಿನಿಂದಲೂ ಮಲದಿಂದಲೂ ಅಮೋನಿಯ ಎಂಬ ವಿಷ ನೀರಿಗೆ ಸೇರುತ್ತಲೇ ಇರುತ್ತದೆ. ಹಳೆಯ ತೊಟ್ಟಿಯ ಮರಳಿನಲ್ಲೂ ಸೋಸುವ ಸ್ಪಂಜಿನಲ್ಲೂ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಮನೆಮಾಡಿಕೊಂಡಿರುತ್ತವೆ. ಅವು ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಥಳಥಳಿಸುವ ಹೊಸ ತೊಟ್ಟಿಯಲ್ಲಿ ಈ ಸೇವಕರಿಲ್ಲ. ಅವು ತಾವಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಮೀನುಗಳು ತಮ್ಮದೇ ಕೊಳೆಯಿಂದ ಸಾಯುತ್ತವೆ. ಆದ್ದರಿಂದ ಹಳೆಯ ಸ್ಪಂಜನ್ನೂ ಸ್ವಲ್ಪ ಹಳೆಯ ಮರಳನ್ನೂ ತೊಳೆಯದೆ, ಒಣಗಲು ಬಿಡದೆ ಹೊಸ ತೊಟ್ಟಿಗೆ ಹಾಕಬೇಕು. ಸಸಿಯ ಬೇರಿನ ಮಣ್ಣೆಂದು ಮೊದಲಲ್ಲಿ ಹೇಳಿದೆವಲ್ಲ, ಮೀನಿಗೆ ಅದು ಇದೇ.

ನಾಲ್ಕನೆಯದು ಸಾಗಿಸುವ ಬಗೆ. ಹಿಂದಿನ ದಿನ ಆಹಾರ ಹಾಕಬಾರದು. ಹೊಟ್ಟೆ ಖಾಲಿಯಿದ್ದರೆ ನೀರು ಕೆಡುವುದು ಕಡಿಮೆ. ದೀಪವನ್ನು ಆರಿಸಬೇಕು. ಮೀನನ್ನು ಒಣ ಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆಯ ಹೊದಿಕೆ ಕಿತ್ತು ರೋಗಕ್ಕೆ ದಾರಿಯಾಗುತ್ತದೆ. ಹಳೆಯ ನೀರಿನ ಸಮೇತ ಚೀಲದಲ್ಲೋ ಪಾತ್ರೆಯಲ್ಲೋ ತೆಗೆದುಕೊಂಡು ಹೊಸ ತೊಟ್ಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಬಿಡಬೇಕು. ಎರಡರ ಶಾಖ ಸಮವಾಗಲಿ. ಆಮೇಲೆ ಹೊಸ ನೀರನ್ನು ಲೋಟದಷ್ಟು ಲೋಟದಷ್ಟಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೆರೆಸುತ್ತ ಹೋಗಬೇಕು. ಕೊನೆಗೆ ಮೀನು ತಾನೇ ಈಜಿ ಹೊರಡಲಿ. ನಮ್ಮ ಹೊಸೂರಿನ ಕಡೆ ಮಾರ್ಗಶಿರ ಪುಷ್ಯದ ಚಳಿಯಲ್ಲಿ ರಾತ್ರಿಯ ನೀರು ಬಹಳ ತಣ್ಣಗಾಗುತ್ತದೆ. ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಹಿತವಾದುದರಿಂದ ಚಳಿಗಾಲದಲ್ಲಿ ಈ ಕೆಲಸವನ್ನು ಹಗಲಿನಲ್ಲೇ ಮಾಡಬೇಕು.

ಐದನೆಯದು ತಾಳ್ಮೆ. ಮೊದಲ ಒಂದೆರಡು ವಾರ ಆಹಾರ ಮಿತವಾಗಿರಲಿ, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ನೀರನ್ನು ಬದಲಿಸಬೇಕು. ಜಾಗ ದೊಡ್ಡದಾಯಿತೆಂದು ಹೊಸ ಮೀನುಗಳನ್ನು ತಂದು ತುಂಬಬಾರದು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಮೀನು ಸಾಕುವವನಿಗೂ ಮೀನಿಗೂ ಸಲ್ಲುತ್ತದೆ.

ಕೆರೆಗೆ ಬಿಡಬೇಡಿ

ಇನ್ನೊಂದು ಮಾತನ್ನು ವಿದ್ಯಾರ್ಥಿಗಳಿಗೂ ತಂದೆತಾಯಿಯರಿಗೂ ಒತ್ತಿ ಹೇಳಬೇಕಾಗಿದೆ. ಸಾಕಿ ಬೇಸರವಾದಾಗ, ಮೀನು ತೊಟ್ಟಿಗೆ ಮೀರಿ ಬೆಳೆದಾಗ, ಕೆರೆಗೋ ಹೊಳೆಗೋ ಬಿಟ್ಟರೆ ಪುಣ್ಯವೆಂದು ಕೆಲವರು ತಿಳಿಯುತ್ತಾರೆ. ಕೆರೆಯೂ ಒಂದು ದೊಡ್ಡ ತೊಟ್ಟಿಯಲ್ಲವೇ ಎಂಬುದು ಅವರ ಎಣಿಕೆ. ಇದು ತಪ್ಪು. ಚಿಕ್ಕ ತೊಟ್ಟಿಯಿಂದ ದೊಡ್ಡ ತೊಟ್ಟಿಗೆ ಹೋದಾಗ ಅಪಾಯ ಮೀನಿಗೆ. ತೊಟ್ಟಿಯಿಂದ ಕೆರೆಗೆ ಹೋದಾಗ ಅಪಾಯ ಕೆರೆಗೆ.

1952ರಲ್ಲಿ ನಮ್ಮ ದೇಶಕ್ಕೆ ಆಫ್ರಿಕ ಮೂಲದ ತಿಲಾಪಿಯ ಬಂದಿತು. ಇಂದು ಅದು ಕಾಣದ ಕೆರೆ ಅಪರೂಪ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯ, ನಮ್ಮ ನೀರಿನ ಪುಟ್ಟ ಮೀನುಗಳ ಮತ್ತು ಕಪ್ಪೆಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಆಫ್ರಿಕದ ದೊಡ್ಡ ಕ್ಯಾಟ್‌ಫಿಶ್ ಸಾಕುವುದನ್ನು ಸರ್ಕಾರ 2000ದಲ್ಲಿ ನಿಷೇಧಿಸಿತು. ಡೇ ಅವರ ಕಾಲದವರು ಅನ್ಯದೇಶದ ಮೀನನ್ನು ತಂದು ಬಿಡುವುದೇ ಪ್ರಗತಿ ಎಂದು ನಂಬಿದ್ದರು. ಆ ನಂಬಿಕೆಯನ್ನು ಇಂದು ನಾವು ಹಾಗೆಯೇ ಒಪ್ಪಲಾಗುವುದಿಲ್ಲ. ದೊಡ್ಡವರನ್ನು ಗೌರವಿಸುವುದೆಂದರೆ ಅವರು ಮಾಡಿದ್ದೆಲ್ಲವನ್ನೂ ಮಾಡುವುದಲ್ಲ. ಅವರ ಶ್ರದ್ಧೆಯನ್ನು ಕಲಿತು, ನಂತರ ತಿಳಿದ ಸತ್ಯವನ್ನು ಅದಕ್ಕೆ ಸೇರಿಸುವುದು.

ಈಗ ಮಿಸ್ ಕೇರಳ ಮೀನಿನ ಕಥೆ. ಡೇ ಅವರು ಹೆಸರಿಟ್ಟ ನೂರಮೂವತ್ತು ವರ್ಷಗಳ ನಂತರ ಈ ಮೀನಿಗೆ ಪರದೇಶಗಳಲ್ಲಿ ಬೇಡಿಕೆ ಹುಟ್ಟಿತು. ಹೊಳೆಗಳಿಂದ ಲೆಕ್ಕವಿಲ್ಲದೆ ಹಿಡಿದು ಸಾಗಿಸಿದರು. ಸಹ್ಯಾದ್ರಿಯ ಕೆಲವೇ ಹೊಳೆಗಳಲ್ಲಿ ಬಾಳುವ ಈ ಮೀನು ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯೆಂಬ ದೊಡ್ಡ ಮನೆಯಿಂದ ಗಾಜಿನ ಚಿಕ್ಕ ಮನೆಗೆ ಬಂದ ಮೀನು ಇದು. ನಾವು ಇದನ್ನು ಕೊಳ್ಳುವುದಾದರೆ ಸಾಕಣೆಯಲ್ಲಿ ಹುಟ್ಟಿದ್ದೇ ಎಂದು ಕೇಳಿ ಕೊಳ್ಳಬೇಕು. ಅದು ಗೇಣುದ್ದ ಬೆಳೆಯುವ, ಗುಂಪಿನಲ್ಲಿ ಓಡಾಡುವ ಮೀನು, ಬೋಗುಣಿಯಲ್ಲಿ ಇಡತಕ್ಕದ್ದಲ್ಲ.

ನಮ್ಮ ಸಾನಮಾವಿನ ಕಾಡಿಗೆ ವರ್ಷವರ್ಷವೂ ಆನೆಗಳು ಬಂದುಹೋಗುತ್ತವೆ. ಅವುಗಳ ದಾರಿಯ ಬಗ್ಗೆ ಊರೆಲ್ಲ ಮಾತಾಡುತ್ತದೆ, ಅರಣ್ಯ ಇಲಾಖೆಯವರು ರಾತ್ರಿಯೆಲ್ಲ ಕಾಯುತ್ತಾರೆ. ಮೀನಿನ ದಾರಿ ನೀರಿನಡಿಯಲ್ಲಿ ಇರುವುದರಿಂದ ಅದು ಮುಚ್ಚಿಹೋದರೂ ಯಾರಿಗೂ ತಿಳಿಯುವುದಿಲ್ಲ. ಕೆಲವರಪಳ್ಳಿಯಲ್ಲಿ ಪಿನಾಕಿನಿಯ ನೀರು ನೊರೆನೊರೆಯಾಗಿ ಹರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ನೀರಿನಲ್ಲಿ ಉಸಿರಾಡುವ ಜೀವಿಗಳಿಗೆ ಬೇರೆ ತೊಟ್ಟಿಯಿಲ್ಲ. ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಈ ಹೊಳೆಯ ಮೀನುಗಳನ್ನು ಎಣಿಸಿ, ಹೆಸರು ಕೇಳಿ, ಬರೆದಿಡುವಂತಾದರೆ ಫ್ರಾನ್ಸಿಸ್ ಡೇ ಅವರ ಕೆಲಸ ಮುಂದುವರಿದಂತೆ.

ಅದಕ್ಕೆ ಸಲಕರಣೆ ಹೆಚ್ಚು ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಸಾಕು. ಈ ಬೇಸಗೆಯ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಕೆರೆಯಲ್ಲಿರುವ ಮೀನುಗಳ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ, ಕನ್ನಡದಲ್ಲಿ ಎಷ್ಟು, ತಮಿಳು ತೆಲುಗಿನಲ್ಲಿ ಎಷ್ಟು ಎಂದು ಬರೆದು ತರಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಪಟ್ಟಿಯನ್ನು ಅಚ್ಚು ಮಾಡಲು ನಾವು ಸಿದ್ಧರಿದ್ದೇವೆ.